ಹಗುರ ಪಿಸ್ಟನ್ ಹಾಕಿಸುವ ಮುನ್ನ

ಮಂಗಳೂರು–ಉಡುಪಿ ಭಾಗದಲ್ಲಿ ಎಂಜಿನ್ ಬಿಚ್ಚಿಸಿ ಹಗುರ ಪಿಸ್ಟನ್ ಹಾಕಿಸಲು ಹೊರಟಿರುವ ಸದಸ್ಯರು ಮೊದಲು ತಿಳಿಯಬೇಕಾದುದೇನೆಂದರೆ, ಪಿಸ್ಟನ್ನಿನ ತೂಕ ಇಳಿಸಿದ ಮಾತ್ರಕ್ಕೆ ಅಶ್ವಶಕ್ತಿ ಹೆಚ್ಚುವುದಿಲ್ಲ. ಅದರ ನಿಜವಾದ ಲಾಭ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್, ಅದರ ಬೋಲ್ಟ್ ಮತ್ತು ಬೇರಿಂಗ್‌ಗಳಿಗೆ ಸಿಗುತ್ತದೆ. ಪಿಸ್ಟನ್ ಮೇಲ್ತುದಿಯಲ್ಲಿ ತಿರುಗಿ ಕೆಳಗಿಳಿಯುವಾಗ ಉಂಟಾಗುವ ಎಳೆತವು ಎಂಜಿನ್ ತಿರುಗುವ ವೇಗದ (ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು) ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 6000 ಆರ್‌ಪಿಎಂನಿಂದ 8000ಕ್ಕೆ ಹೋದರೆ ಅದು ಸುಮಾರು 1.8 ಪಟ್ಟಾಗುತ್ತದೆ. 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಗೆ ಓಡುವ ದೂರ) ಇರುವ ಎಂಜಿನ್ನಿನಲ್ಲಿ ಬರೀ 50 ಗ್ರಾಂ ಇಳಿಸಿದರೂ 6000 ಆರ್‌ಪಿಎಂನಲ್ಲಿ ರಾಡ್ ಮೇಲಿನ ಎಳೆತ ಸುಮಾರು 110 ಕಿಲೋ ಭಾರದಷ್ಟು ತಗ್ಗುತ್ತದೆ.

ಒಂಟಿ ಸಿಲಿಂಡರ್ ಬೈಕ್‌ಗಳವರು ವಿಶೇಷ ಎಚ್ಚರ ವಹಿಸಬೇಕು. ಕ್ರ್ಯಾಂಕ್‌ನ ಎದುರು ಭಾರವನ್ನು ಹಳೆಯ ಪಿಸ್ಟನ್ನಿನ ತೂಕಕ್ಕೆ ಹೊಂದಿಸಿರುವುದರಿಂದ, ನೆಟ್ಟಗೆ ನಿಂತ ಸಿಲಿಂಡರಿನಲ್ಲಿ ಮೇಲೆ-ಕೆಳಗಿನ ಅದುರು ಕಡಿಮೆಯಾದರೂ ಹಿಂದೆ-ಮುಂದಿನ ಅದುರು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪಿಸ್ಟನ್, ಅದನ್ನು ರಾಡ್‌ಗೆ ಸೇರಿಸುವ ಪಿನ್, ರಿಂಗ್, ಸರ್ಕ್ಲಿಪ್ ಎಲ್ಲವನ್ನೂ ಒಟ್ಟಾಗಿ ತೂಗಿಸಿ, ಹಳೆಯ ತೂಕದ ಪಕ್ಕದಲ್ಲಿ ಬರೆದಿಟ್ಟುಕೊಂಡು, ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸುವವರಿಗೆ ಕೊಡಿ. ನಾನು ರಥಬೀದಿಯ ಬಳಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದಾಗ, ಉಳಿತಾಯದ ದೊಡ್ಡ ಪಾಲು ಬಂದದ್ದು ಉಕ್ಕಿನ ಪಿನ್ನಿನಿಂದ.

ಹಳೆಯ ಪಿಸ್ಟನ್ನನ್ನೇ ಲೇತ್‌ನಲ್ಲಿ ಕೆರೆಸಿ ಹಗುರ ಮಾಡಿಸುವುದು ದಯವಿಟ್ಟು ಬೇಡ. ತಲೆ ತೆಳುವಾದರೆ ಬಿಸಿಗೆ ತೂತು ಬೀಳುವ ಅಪಾಯವಿದೆ. 2618 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಫೋರ್ಜ್ಡ್ (ಒತ್ತಿ ರೂಪಿಸಿದ) ಪಿಸ್ಟನ್ ಬಿಸಿಯಲ್ಲಿ ಹೆಚ್ಚು ಹಿಗ್ಗುವುದರಿಂದ, ಸಿಲಿಂಡರ್ ಬೋರಿಂಗ್ ಮಾಡುವವರಿಗೆ ತಯಾರಕರ ಕ್ಲಿಯರೆನ್ಸ್ (ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಬಿಡಬೇಕಾದ ಸಂದು) ಚೀಟಿಯನ್ನೇ ತೋರಿಸಿ.