ಹೊಸ ಲೈಸೆನ್ಸ್, ಮೊದಲ ಲಾರಿ: ಹುಬ್ಬಳ್ಳಿ-ಧಾರವಾಡಕ್ಕೆ ಬಂದ ಕುಟುಂಬಗಳಿಗೆ ಮಾರ್ಗದರ್ಶಿ

ರೋಣ, ಶಿರಹಟ್ಟಿ, ಸವಣೂರು, ಕುಷ್ಟಗಿ ಕಡೆಯ ಹಳ್ಳಿಗಳಿಂದ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಹೂಡುವ ಕುಟುಂಬಗಳಲ್ಲಿ ಹೆವಿ ಲೈಸೆನ್ಸ್ (ಭಾರಿ ವಾಹನ ಓಡಿಸುವ ಲೈಸೆನ್ಸ್) ಮಾಡಿಸಿಕೊಂಡು ಲಾರಿ ಕೆಲಸ ಹುಡುಕುವ ಯುವಕರು ಬಹಳ ಮಂದಿ ಇದ್ದಾರೆ. ಅವರು ನಮ್ಮ ಸಂಘದ ಕಚೇರಿಗೆ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಹೋದಲ್ಲೆಲ್ಲ ಎರಡು ವರ್ಷದ ಅನುಭವ ಕೇಳುತ್ತಾರೆ, ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು? ಈ ಮಾರ್ಗದರ್ಶಿಯನ್ನು ಆ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದೇವೆ. ಡ್ರೈವರ್ ಮಾತ್ರವಲ್ಲದೆ ಅವನ ತಂದೆ-ತಾಯಿ, ಹೆಂಡತಿಯೂ ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಮೊದಲ ಕೆಲಸವನ್ನು ಪಗಾರ ನೋಡಿ ಆರಿಸಬೇಡಿ, ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಹಿರಿಯ ಡ್ರೈವರ್ ಯಾರು ಎಂಬುದನ್ನು ನೋಡಿ ಆರಿಸಿ.

ಲೈಸೆನ್ಸ್‌ನ ವಿಷಯವನ್ನು ಬೇಗ ಮುಗಿಸೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಮತ್ತು ಲಘು ವಾಹನದ ಲೈಸೆನ್ಸ್ ಕೈಯಲ್ಲಿದ್ದು ಒಂದು ವರ್ಷ ಕಳೆದ ಮೇಲಷ್ಟೇ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಸಿಗುತ್ತದೆ. ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಆದ್ದರಿಂದ ಶಾಲೆ ಬಿಟ್ಟವರು ಆ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ, ಯಾರಿಂದಲೋ ಹಣ ಕೊಟ್ಟು ಅಂಕಪಟ್ಟಿ ತರಿಸುವ ಅಗತ್ಯವಂತೂ ಇಲ್ಲವೇ ಇಲ್ಲ. ಸಾರಿಗೆ ಲೈಸೆನ್ಸ್‌ನ ಅವಧಿ ಐದು ವರ್ಷ. ಪೆಟ್ರೋಲ್, ಗ್ಯಾಸ್ ಮುಂತಾದ ಅಪಾಯಕಾರಿ ಸರಕಿನ ಟ್ಯಾಂಕರ್ ಓಡಿಸಲು ಮೂರು ದಿನದ ಪ್ರತ್ಯೇಕ ತರಬೇತಿ ಮತ್ತು ಲೈಸೆನ್ಸ್ ಮೇಲೆ ಅದರ ನಮೂದು ಬೇಕು; ಹೊಸಬರು ಸದ್ಯಕ್ಕೆ ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಅನುಕೂಲವಿದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್ ಮೇಲೆಯೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ಟಾಟಾ ಏಸ್, ಪಿಕಪ್‌ಗಳೆಲ್ಲ ಈ ಲೆಕ್ಕದೊಳಗೆ ಬರುತ್ತವೆ. ಹೆವಿ ಲೈಸೆನ್ಸ್ ಬರುವ ಮೊದಲೇ ಗೋಕುಲ ರಸ್ತೆಯ ಅಥವಾ ತಾರಿಹಾಳ ಕೈಗಾರಿಕಾ ಪ್ರದೇಶದ ಯಾವುದಾದರೂ ಸಂಸ್ಥೆಯ ಪಿಕಪ್ ಓಡಿಸಿದವನಿಗೆ ಲೋಡು ಹೊತ್ತ ಗಾಡಿಯ ಬ್ರೇಕು ಖಾಲಿ ಗಾಡಿಯ ಬ್ರೇಕಿನಂತಲ್ಲ ಎಂಬುದು ಮೈಗೆ ಹತ್ತಿರುತ್ತದೆ. ಮಾಲೀಕರು ಹುಡುಕುವುದು ಇದನ್ನೇ.

ಕೆಲಸ ಎಲ್ಲಿ ಕೇಳಬೇಕು

ನಮ್ಮ ಊರು ಲಾರಿಗಳ ಊರು. ಬೆಂಗಳೂರು-ಪುಣೆಯ ರಾಷ್ಟ್ರೀಯ ಹೆದ್ದಾರಿ 48, ವಿಜಯಪುರ-ಸೊಲ್ಲಾಪುರದ ಕಡೆಗೂ ಅಂಕೋಲೆಯ ಕಡೆಗೂ ಹೋಗುವ ಹೆದ್ದಾರಿ 52, ಗದಗ-ಕೊಪ್ಪಳ-ಹೊಸಪೇಟೆ ದಾಟಿ ಬಳ್ಳಾರಿಗೆ ಹೋಗುವ ಹೆದ್ದಾರಿ 67, ಮೂರೂ ಇಲ್ಲಿ ಕೂಡುತ್ತವೆ. 1976ರಲ್ಲಿ ವಿಜಯ ಸಂಕೇಶ್ವರ ಅವರು ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಸಾರಿಗೆ ಉದ್ಯಮ ಇಂದು ಹುಬ್ಬಳ್ಳಿಯ ಹತ್ತಿರದ ವರೂರಿನಲ್ಲಿ ನೆಲೆ ಹೊಂದಿ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳ ಸಾಲಿನಲ್ಲಿ ನಿಂತಿರುವುದು ಎಲ್ಲರಿಗೂ ಗೊತ್ತು. ಹೊಸ ಹುಡುಗರು ಸಹಜವಾಗಿಯೇ ಮೊದಲು ಇಂಥ ದೊಡ್ಡ ಸಂಸ್ಥೆಗಳ ಬಾಗಿಲಿಗೆ ಹೋಗುತ್ತಾರೆ. ಅರ್ಜಿ ಕೊಟ್ಟು ಬನ್ನಿ, ತಪ್ಪೇನಿಲ್ಲ; ಆದರೆ ಉದ್ದದ ದಾರಿಗೆ ದೊಡ್ಡ ಗಾಡಿ ಓಡಿಸುವವರು ಅನುಭವ ಕೇಳುವುದು ಸಾಮಾನ್ಯವಾದ್ದರಿಂದ, ಉತ್ತರಕ್ಕಾಗಿ ಕಾಯುತ್ತ ಮನೆಯಲ್ಲಿ ಕೂರಬೇಡಿ.

ಮೊದಲ ಕೆಲಸ ಸಿಗುವ ಸಂಭವ ಹೆಚ್ಚಿರುವುದು ಎರಡು-ಮೂರು ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರ ಹತ್ತಿರ. ಇಂಥವರು ಪತ್ರಿಕೆಯಲ್ಲಿ ಜಾಹೀರಾತು ಕೊಡುವುದಿಲ್ಲ. ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸುಗಳ ಮುಂದೆ, ತೂಕದ ಕಾಟಾದ ಹತ್ತಿರ, ಟಯರ್ ಅಂಗಡಿ ಮತ್ತು ಬಾಡಿ ಕಟ್ಟುವ ಗ್ಯಾರೇಜುಗಳಲ್ಲಿ ಅವರು ಸಿಗುತ್ತಾರೆ. ಬೆಳಗ್ಗೆ ಬೇಗ ಹೋಗಿ; ಲೋಡಿಂಗ್ ಶುರುವಾದ ಮೇಲೆ ಯಾರಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. "ಡ್ರೈವರ್ ಕೆಲಸ ಇದೆಯೇ" ಎಂದು ಕೇಳುವುದಕ್ಕಿಂತ "ಹೆವಿ ಲೈಸೆನ್ಸ್ ಆಗಿದೆ, ಸೆಕೆಂಡ್ ಡ್ರೈವರ್ ಆಗಿ ಬರುತ್ತೇನೆ, ಕ್ಲೀನರ್ ಕೆಲಸವನ್ನೂ ಮಾಡುತ್ತೇನೆ" ಎಂದರೆ ಮಾತು ಮುಂದುವರಿಯುತ್ತದೆ. ಲೈಸೆನ್ಸ್ ಆದ ಮೇಲೂ ಕ್ಲೀನರ್ ಕೆಲಸವೇ ಎಂದು ಮನೆಯವರು ಬೇಸರಪಡುವುದುಂಟು. ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಟಯರು ಬಡಿದು ಗಾಳಿ ಅಂದಾಜು ಮಾಡುವುದು, ಸ್ಟೆಪ್ನಿ ಬದಲಿಸುವುದು ಇವು ಯಾವ ಡ್ರೈವಿಂಗ್ ಶಾಲೆಯ ಪಾಠದಲ್ಲಿಯೂ ಸರಿಯಾಗಿ ಸಿಗದ ವಿದ್ಯೆಗಳು, ಮತ್ತು ಆರು ತಿಂಗಳ ಮಟ್ಟಿಗೆ ಇವನ್ನು ಕಲಿತವನು ಮುಂದೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗುವುದಿಲ್ಲ.

ಸುಗ್ಗಿಯ ಲೆಕ್ಕವನ್ನೂ ಇಟ್ಟುಕೊಳ್ಳಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ರಾಶಿರಾಶಿಯಾಗಿ ಬರುವ ಕಾಲದಲ್ಲಿ ಗಾಡಿಗಳಿಗೂ ಡ್ರೈವರುಗಳಿಗೂ ಬೇಡಿಕೆ ಏರುತ್ತದೆ, ಬೇರೆ ದಿನಗಳಲ್ಲಿ ಹೊಸಬರನ್ನು ಹತ್ತಿರ ಸೇರಿಸದ ಮಾಲೀಕರೂ ಆಗ ಕೇಳಿಸಿಕೊಳ್ಳುತ್ತಾರೆ. ಆದರೆ ಮೆಣಸಿನಕಾಯಿ ಲೋಡು ಹೊಸಬನಿಗೆ ಸುಲಭದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಣ ಕಾಯಿ ಹಗುರವಾದ್ದರಿಂದ ಚೀಲಗಳನ್ನು ಎತ್ತರಕ್ಕೆ ಒಟ್ಟುತ್ತಾರೆ. ತೂಕ ಕಡಿಮೆ ಎಂದು ಕಾಣುವ ಗಾಡಿ ತಿರುವಿನಲ್ಲಿಯೂ ಬಯಲಿನ ಅಡ್ಡಗಾಳಿಯಲ್ಲಿಯೂ ತೂಗಾಡುತ್ತದೆ. ಹತ್ತಿಯ ಲೋಡೂ ಹೀಗೆಯೇ. ಕಬ್ಬಿಣ, ಸಿಮೆಂಟು ತದ್ವಿರುದ್ಧ: ತೂಕ ಕೆಳಗಿರುತ್ತದೆ, ಗಾಡಿ ಅಲ್ಲಾಡುವುದಿಲ್ಲ, ಆದರೆ ನಿಲ್ಲಿಸಲು ದೂರ ಬಹಳ ಬೇಕು. ಮೊದಲ ವರ್ಷದಲ್ಲಿ ಈ ಎರಡು ಬಗೆಯ ಲೋಡನ್ನೂ ಹಿರಿಯರ ಜೊತೆ ಹೊತ್ತು ನೋಡಿದವನ ಕೈ ಪಳಗುತ್ತದೆ.

ಪರೀಕ್ಷೆ ಮತ್ತು ಮಾತುಕತೆ

ಮಾಲೀಕರು ಗಾಡಿ ಕೊಟ್ಟು ನೋಡುವಾಗ ವೇಗವನ್ನು ನೋಡುವುದಿಲ್ಲ. ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಎತ್ತಲು ಹೇಳುತ್ತಾರೆ. ಎಪಿಎಂಸಿ ಅಂಗಡಿಗಳ ನಡುವಿನ ಇಕ್ಕಟ್ಟಿನಲ್ಲಿ ರಿವರ್ಸ್ ಹಾಕಿ ಕಟ್ಟೆಗೆ ಹಚ್ಚಲು ಹೇಳುತ್ತಾರೆ. ಇಂಜಿನ್ ಶುರು ಮಾಡಿದ ಕೂಡಲೇ ಹೊರಡದೆ ಬ್ರೇಕಿನ ಗಾಳಿಯ ಒತ್ತಡ ತುಂಬುವವರೆಗೆ ಕಾಯುವವನನ್ನು ಅವರು ಕೂಡಲೇ ಗುರುತಿಸುತ್ತಾರೆ. ರಿವರ್ಸ್ ಹಾಕುವಾಗ ಸಂಶಯ ಬಂದರೆ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ನೋಡಿ ಬನ್ನಿ. ಇಳಿದು ನೋಡಿದ್ದಕ್ಕೆ ಕೆಲಸ ಕಳೆದುಕೊಂಡವರನ್ನು ನಾವು ಕಂಡಿಲ್ಲ.

ಕೆಲಸಕ್ಕೆ ಒಪ್ಪುವ ಮೊದಲು ಪಗಾರ ತಿಂಗಳಿಗೋ ಟ್ರಿಪ್ಪಿಗೋ, ಭತ್ಯೆ ಬೇರೆಯೋ ಅದರಲ್ಲಿಯೇ ಸೇರಿದೆಯೋ ಎಂಬುದನ್ನು ಬಿಡಿಸಿ ಕೇಳಬೇಕು. ಡೀಸೆಲ್ ಲೆಕ್ಕದಲ್ಲಿ ಕಡಿಮೆ ಬಂದರೆ, ಟಯರ್ ಒಡೆದರೆ, ಮಾಲು ನೆನೆದರೆ ಅಥವಾ ಚೀಲ ಕಡಿಮೆ ಬಿದ್ದರೆ ಯಾರ ತಲೆಗೆ ಎಂಬುದನ್ನೂ ಆಗಲೇ ಕೇಳಬೇಕು. ನಂತರ ಕೇಳಿದರೆ ಅದು ಜಗಳವಾಗುತ್ತದೆ. ಗಾಡಿಯ ಆರ್‌ಸಿ (ನೋಂದಣಿ ಪತ್ರ), ವಿಮೆ, ಫಿಟ್‌ನೆಸ್, ಪರ್ಮಿಟ್, ಹೊಗೆ ತಪಾಸಣೆಯ ಪತ್ರ ಇವುಗಳ ತಾರೀಖು ನೋಡುವುದು ನಿಮ್ಮ ಹಕ್ಕು. ವಿಮೆ ಮುಗಿದ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಮಾಲಿಗೆ ಸಾಮಾನ್ಯವಾಗಿ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡಿಸುವ ಜಿಎಸ್‌ಟಿ ಪತ್ರ) ಬೇಕು. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನದಂತೆ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಎಂಟು ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಲು ಅವಕಾಶವಿರುವುದರಿಂದ, ಕೂಡಲೇ ಆಫೀಸಿಗೆ ಫೋನ್ ಮಾಡಿ ತಿಳಿಸಬೇಕು.

ಓವರ್‌ಲೋಡ್ ವಿಷಯದಲ್ಲಿ ಹೊಸ ಡ್ರೈವರ್ ಬಾಯಿ ಬಿಟ್ಟು ಬೇಡ ಎನ್ನುವುದು ಕಷ್ಟ, ಅದು ನಮಗೆ ಗೊತ್ತು. ಆದರೂ ಲೆಕ್ಕ ತಿಳಿದಿರಲಿ. ಎರಡು ಆಕ್ಸಲ್‌ನ ಆರು ಗಾಲಿ ಲಾರಿಯ ಗರಿಷ್ಠ ಒಟ್ಟು ತೂಕದ ಮಿತಿಯನ್ನು 2018ರಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿಸಲಾಯಿತು. ನಿಮ್ಮ ಗಾಡಿಗೆ ಅನ್ವಯಿಸುವುದು ಆರ್‌ಸಿಯಲ್ಲಿ ಬರೆದ ತೂಕ. ಅದನ್ನು ಮೀರಿದರೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ದಂಡವನ್ನು ಮಾಲೀಕ ಕಟ್ಟಬಹುದು, ಆದರೆ ಅಮಾನತಾಗಬಹುದಾದದ್ದು ನಿಮ್ಮ ಲೈಸೆನ್ಸ್. ಕುಡಿದು ಓಡಿಸಿದಾಗ, ಓಡಿಸುತ್ತ ಮೊಬೈಲಿನಲ್ಲಿ ಮಾತಾಡಿದಾಗ, ಸರಕಿನ ಗಾಡಿಯಲ್ಲಿ ಜನರನ್ನು ತುಂಬಿಕೊಂಡಾಗಲೂ ಹೀಗೆಯೇ ಆಗುತ್ತದೆ. ಜಾತ್ರೆಗೆ, ಮದುವೆಗೆ ಊರಿನವರೇ ಬಂದು ಕೇಳುವ ಕೊನೆಯ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ನಮ್ಮ ಸದಸ್ಯರೊಬ್ಬರ ಮಗ ಮೊದಲ ಕೆಲಸಕ್ಕೆ ಸೇರುವಾಗ ಮಾಲೀಕರು 'ಭದ್ರತೆಗೆ' ಎಂದು ಮೂಲ ಲೈಸೆನ್ಸ್ ಇಟ್ಟುಕೊಂಡು, ಮೇಲೆ ಕೈತುಂಬ ಉಚಲ್ (ಪಗಾರದಲ್ಲಿ ಕಡಿದುಕೊಳ್ಳುವ ಮುಂಗಡ ಸಾಲ) ಕೊಟ್ಟರು. ಮನೆಯ ಅಡ್ವಾನ್ಸ್ ಕಟ್ಟಬೇಕಾಗಿದ್ದ ಕುಟುಂಬಕ್ಕೆ ಅದು ಉಪಕಾರವಾಗಿಯೇ ಕಂಡಿತು. ಎಂಟು ತಿಂಗಳು ಕಳೆದರೂ ಸಾಲ ತೀರಲಿಲ್ಲ, ಬೇರೆ ಕಡೆ ಒಳ್ಳೆಯ ಕೆಲಸ ಬಂದಾಗ ಕೈಯಲ್ಲಿ ಲೈಸೆನ್ಸ್ ಇರಲಿಲ್ಲ. ಮೂಲ ಲೈಸೆನ್ಸನ್ನು ಯಾರ ಬಳಿಯೂ ಇಡಬೇಡಿ. ನಕಲು ಕೊಡಿ, ಡಿಜಿಲಾಕರಿನಲ್ಲಿ ತೋರಿಸಿ. ಉಚಲ್ ತೆಗೆದುಕೊಳ್ಳಲೇಬೇಕಾದರೆ ಒಂದು ತಿಂಗಳ ಪಗಾರ ಮೀರದಿರಲಿ, ಮತ್ತು ಕೊಟ್ಟದ್ದು, ಕಡಿದದ್ದು ಎರಡೂ ಒಂದು ವಹಿಯಲ್ಲಿ ಇಬ್ಬರ ಸಹಿಯೊಂದಿಗೆ ಇರಲಿ. ಪಗಾರವನ್ನು ಬ್ಯಾಂಕ್ ಖಾತೆಗೇ ಹಾಕಲು ಕೇಳಿ. ಎರಡು ವರ್ಷದ ನಂತರ ಅನುಭವ ತೋರಿಸಬೇಕಾದಾಗ ಆ ಪಾಸ್‌ಬುಕ್, ಮಾಲೀಕರ ಒಂದು ಪತ್ರ ಮತ್ತು ನೀವೇ ಬರೆದಿಟ್ಟ ಟ್ರಿಪ್ಪುಗಳ ಪಟ್ಟಿ ನಿಮ್ಮ ಪರವಾಗಿ ಮಾತಾಡುತ್ತವೆ.

ದಾರಿಗಳು

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ವರ್ಷಗಟ್ಟಲೆ ನಡುವೆ ವಿಭಜಕವಿಲ್ಲದ ಎರಡೇ ಪಥದ ದಾರಿಯಾಗಿದ್ದು ಬಹಳ ಜೀವಗಳನ್ನು ತೆಗೆದುಕೊಂಡಿದೆ. ಅಗಲೀಕರಣದ ಕೆಲಸಕ್ಕಾಗಿ ದಾರಿ ಬದಲಿಸಿದ ತಿರುವುಗಳಲ್ಲಿ ಓವರ್‌ಟೇಕ್ ಆಸೆಯನ್ನು ಬಿಟ್ಟೇಬಿಡಿ. ಯಲ್ಲಾಪುರ ದಾಟಿದ ಮೇಲೆ ಬರುವ ಅರಬೈಲ್ ಘಟ್ಟವನ್ನು ಮೊದಲ ಸಲ ಲೋಡಿನೊಂದಿಗೆ ಒಬ್ಬರೇ ಇಳಿಯಬೇಡಿ. ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು, ಬ್ರೇಕನ್ನೇ ಒತ್ತಿ ಹಿಡಿದರೆ ಡ್ರಮ್ ಕಾಯ್ದು ಕೆಳಗಿನ ತಿರುವಿನಲ್ಲಿ ಬ್ರೇಕೇ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ಚಹಾಕ್ಕೂ ನಿದ್ದೆಗೂ ಗಾಡಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯ ಬದಿಯಲ್ಲಿದ್ದ ಲಾರಿಯೂ ಅದರ ಡ್ರೈವರೂ ಮಣ್ಣಿನೊಂದಿಗೆ ನದಿಯ ಪಾಲಾದರು. ನಿದ್ದೆಯ ವಿಷಯದಲ್ಲಿ ಒಂದೇ ಮಾತು: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಅಳತೆ ಇದೆ, ಮತ್ತು ಕಣ್ಣು ಎಳೆಯುವಾಗ ಗಾಡಿ ಬದಿಗೆ ಹಾಕಿದ ಡ್ರೈವರನ್ನು ಬೈಯುವ ಮಾಲೀಕರ ಹತ್ತಿರ ಉಳಿಯಬೇಡಿ.

ಮನೆಯವರಿಗೆ

ಗಾಡಿ ಓಡುವಾಗ ಫೋನ್ ಮಾಡಬೇಡಿ; ಊಟಕ್ಕೆ ನಿಂತಾಗ ಅವನೇ ಮಾಡುವಂತೆ ಹೊತ್ತು ಗೊತ್ತು ಮಾಡಿಕೊಳ್ಳಿ. ಗಾಡಿಯ ನಂಬರು, ಮಾಲೀಕರ ಫೋನು, ಹೋಗುವ ಊರು ಇವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿದರೆ ಅಪಘಾತದಲ್ಲಿ ಜೀವ ಹೋದಾಗ ಎರಡು ಲಕ್ಷ ರೂಪಾಯಿ ಬರುತ್ತದೆ. ಖಾಸಗಿ ವಾಣಿಜ್ಯ ವಾಹನಗಳ ಡ್ರೈವರು, ಕ್ಲೀನರುಗಳಿಗಾಗಿ ರಾಜ್ಯದ ಕಾರ್ಮಿಕ ಇಲಾಖೆಯ ಅಪಘಾತ ಪರಿಹಾರ ಯೋಜನೆಯೂ ಇದೆ; ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿಯೊಂದಿಗೆ ಅದರ ವಿಚಾರವನ್ನೂ ಇಲಾಖೆಯ ಕಚೇರಿಯಲ್ಲಿ ಕೇಳಿ ಮುಗಿಸಿಕೊಳ್ಳಿ. ಇದನ್ನು ಮೊದಲ ಟ್ರಿಪ್ಪಿಗೆ ಹೊರಡುವ ಮುನ್ನವೇ ಮಾಡಬೇಕು, ಮೊದಲ ಪಗಾರ ಬರಲಿ ಎಂದು ಮುಂದೂಡಬೇಡಿ. ಕಾಗದ ಓದಿಸಲು, ಅರ್ಜಿ ತುಂಬಿಸಲು ಸಂಘದ ಕಚೇರಿಗೆ ಬನ್ನಿ; ಬರುವಾಗ ಲೈಸೆನ್ಸ್, ಆಧಾರ್, ಪಾಸ್‌ಬುಕ್ ಮೂರರ ನಕಲು ತನ್ನಿ, ಮೂಲ ಮನೆಯಲ್ಲಿಯೇ ಇರಲಿ.