ಮೈಕ್ ಬಿಟ್ಟು ಮಂಚದ ಪಕ್ಕ ಕೂತೆವು

ಕಥೋಲಿಕ ಸನ್ಯಾಸಿನಿಯರಾದ ನಾವು ನಡೆಸುವ ರಾಯಚೂರಿನ ವೃದ್ಧಾಶ್ರಮದಲ್ಲಿ ರಾತ್ರಿ ಕರೆಗಂಟೆ ಒತ್ತುವವರು ಈಗ ಅರ್ಧಕ್ಕಿಂತ ಕಡಿಮೆ. ಮೊದಲು ಕರೆಯುತ್ತಲೇ ಇರುತ್ತಿದ್ದರು. ಹೋದರೆ ನೀರೂ ಬೇಡ, ಮಾತ್ರೆಯೂ ಬೇಡ. "ಇಲ್ಲೇ ಕುಂದ್ರು ಸಿಸ್ಟರವ್ವ" ಅಷ್ಟೇ. ಅದಕ್ಕೇ ಮಂಚದ ಪಕ್ಕ ಹೋಗಿ ಮಾತಾಡಿಸುವ ಬೆಳಗಿನ ಭೇಟಿಯನ್ನು ರಾತ್ರಿ ಊಟದ ನಂತರಕ್ಕೆ ಹಾಕಿದೆ. "ದಿನವಿಡೀ ದುಡಿದವರು ಎಷ್ಟು ದಿನ ಎದ್ದಿರುತ್ತೀರಿ?" ಎಂದು ನಮ್ಮವರೇ ಕೇಳಿದರು. ಎರಡು ವರ್ಷದ ಮೇಲಾಯಿತು, ಒಂದು ರಾತ್ರಿಯೂ ತಪ್ಪಿಲ್ಲ.

ಇದಕ್ಕೆ ಮೊದಲು ಸ್ಪೀಕರ್ ಹಾಕಿಸಿದ್ದೆವು. ಸುಮಾರು ಹದಿನೆಂಟು ಸಾವಿರ ಹೋಯಿತು. ಬೆಳಿಗ್ಗೆ ಎಲ್ಲ ಕೋಣೆಗೂ ಜಪಸರ, ಅಂದರೆ ಮಣಿ ಎಣಿಸುತ್ತ ಮಾಡುವ ಮರಿಯಮ್ಮನ ಪ್ರಾರ್ಥನೆ, ಕೇಳಿಸುತ್ತಿತ್ತು. ಕಿವಿ ಮಂದವಾದವರಿಗೆ ಅದು ಬರೀ ಗದ್ದಲ. ನಮ್ಮಲ್ಲಿ ಕ್ರೈಸ್ತರು ಕಾಲು ಭಾಗವೂ ಇಲ್ಲ, ಉಳಿದವರು ಸುಮ್ನೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆಮೇಲೆ ಇವರ ಜೊತೆ ಕೂರಲು ಬಸ್ ಚಾರ್ಜ್ ಕೊಟ್ಟು ಕಾಲೇಜು ಹುಡುಗರನ್ನು ಕರೆಸಿದೆವು. ತಿಂಗಳಿಗೆ ಮೂರು ಸಾವಿರದಷ್ಟು ಖರ್ಚು. ಪರೀಕ್ಷೆ ಬಂತು, ಅವರು ಬರಲಿಲ್ಲ.

ಈಗಿನ ಬಂಡವಾಳ ನಾಲ್ಕು ಗಿಡ್ಡ ಸ್ಟೂಲು, ಒಂದಕ್ಕೆ ಮುನ್ನೂರು ಚಿಲ್ಲರೆ. ಮುಖ ಮಂಚದ ಮಟ್ಟಕ್ಕೆ ಬರಬೇಕು, ಅದಕ್ಕೇ ಗಿಡ್ಡ. ಪ್ರಾರ್ಥನೆಯನ್ನು ನಾವಾಗಿ ಶುರು ಮಾಡುವುದಿಲ್ಲ. ಅಜ್ಜ ಇಷ್ಟಲಿಂಗ ಪೂಜೆಗೆ ಕೂತರೆ ಮುಗಿಯುವ ತನಕ ಸುಮ್ಮನಿರುತ್ತೇವೆ. ಬೀಬಿಗೆ ವಜೂಗೆ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು, ನೀರು ತಂದುಕೊಡುತ್ತೇವೆ. ಬಾಯಿಯೇ ಬಿಡದವರನ್ನು ಮಾತಿಗೆ ಎಳೆಯುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮಲ್ಲಿ ಬಂದು ನಾಲ್ಕು ರಾತ್ರಿ ಕೂತವರಿಗೆ ಹೇಳುತ್ತೇನೆ. ಮೊರದಲ್ಲಿ ಜೋಳ ಕೊಟ್ಟು ಹಸನು ಮಾಡಿಸಿಯೂ ನೋಡಿದೆ. ಕೈಗೆ ಕೆಲಸ ಸಿಕ್ಕರೆ ಅವ್ವಂದಿರು ಮಾತು ಜಾಸ್ತಿ ಆಡುತ್ತಾರೆ. ಗಂಡಸರಿಗೆ ಇದು ನಡೆಯಲಿಲ್ಲ.

ನಮ್ಮ ಕಥೋಲಿಕ ಅಜ್ಜಿಯರದು ಬೇರೆ ತೊಂದರೆ. ಚರ್ಚಿನ ಪೂಜೆಯಲ್ಲಿ ರೊಟ್ಟಿಯ ರೂಪದಲ್ಲಿ ಕೊಡುವ ಪರಮಪ್ರಸಾದಕ್ಕೆಂದು ಉಪವಾಸ ಕೂತು, ಸಕ್ಕರೆ ಕಾಯಿಲೆಯವರು ತಲೆ ಸುತ್ತಿ ಬೀಳುತ್ತಿದ್ದರು. ಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದ ನಿಯಮ ಮುದುಕರಿಗೂ ರೋಗಿಗಳಿಗೂ ಇಲ್ಲ ಅಲ್ವಾ? ನಾವು ಹೇಳಿದರೆ ನಂಬಲಿಲ್ಲ. ಫಾದರ್ ಬಲಿಪೂಜೆಯಲ್ಲೇ (ಚರ್ಚಿನ ಆ ಪೂಜೆಯಲ್ಲೇ) ಹೇಳಿದ ಮೇಲೆ ಇಡ್ಲಿ ಮುಟ್ಟಿದರು. ನುಂಗಲಾಗದವರಿಗೆ ಪ್ರಸಾದದ ಚೂರೇ ಚೂರು, ಹಿಂದೆಯೇ ಒಂದು ಚಮಚ ನೀರು.

ರೋಗಿಗಳಿಗೆ ಪ್ರಾರ್ಥನೆ ಮಾಡಿ ಹಚ್ಚುವ ಪವಿತ್ರ ಎಣ್ಣೆಯನ್ನು ಫಾದರ್ ತಂದರೆ ಸಾವೇ ಬಂತು ಎಂದು ಅಳುತ್ತಿದ್ದರು. ಅದಕ್ಕೆ ಫೆಬ್ರವರಿ 11ರಂದು, ಚರ್ಚ್ ಆಚರಿಸುವ ರೋಗಿಗಳ ದಿನದಂದು, ಹದಿನೈದು ಇಪ್ಪತ್ತು ಮಂದಿಗೆ ಒಟ್ಟಿಗೇ ಎಣ್ಣೆ ಹಚ್ಚಿಸಿದೆ. ಆಮೇಲೆ ಎಲ್ಲರೂ ಸಾಲಾಗಿ ಕೂತು ಹೋಳಿಗೆ ಉಂಡರು. ಆ ಭಯ ಬಹಳ ಮಟ್ಟಿಗೆ ಹೋಯಿತು.

ಇದನ್ನು ಶುರು ಮಾಡುವವರು ಮದರ್ (ಮಠದ ಮುಖ್ಯಸ್ಥೆ) ಹತ್ತಿರ ಒಂದು ಮಾತು ಮೊದಲೇ ಒಪ್ಪಿಸಿಕೊಳ್ಳಿ. ರಾತ್ರಿ ಕೂತವರಿಗೆ ಮರುದಿನ ಬೆಳಗಿನ ಅಡುಗೆ ಪಾಳಿ ಇರಬಾರದು. ಇಲ್ಲದಿದ್ದರೆ ಎರಡು ವಾರಕ್ಕೇ ನಿಲ್ಲುತ್ತದೆ.