ಹಳೆಯ ಎಂಜಿಬಿಗೆ ಯಾವ ಎಣ್ಣೆ, ಯಾವ ಫಿಲ್ಟರ್?

ನನ್ನ 1965ರ ಎಂಜಿಬಿ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ. ನಾನಿರುವುದೂ ಅಲ್ಲೇ ಹತ್ತಿರ, ಹುಟ್ಟಿದ್ದು ಮಾತ್ರ ಹಾಸನದಲ್ಲಿ. ಕಾರು ಕೊಂಡ ಹೊಸದರಲ್ಲಿ "ದುಬಾರಿ ಎಣ್ಣೆಯೇ ಒಳ್ಳೆಯದು" ಅಂತ 5ಡಬ್ಲ್ಯೂ-30 ಎಂಬ ತೆಳು ಸಿಂಥೆಟಿಕ್ ಎಣ್ಣೆ ಸುರಿದೆ. ವಾರದೊಳಗೆ ಗ್ಯಾರೇಜ್ ನೆಲ ನಮ್ಮೂರ ಗಾಣದಂತಾಯಿತು.

ಈ 1798 ಸಿಸಿ ಎಂಜಿನ್‌ಗೆ ದಪ್ಪ ಎಣ್ಣೆಯೇ ಬೇಕು: 20ಡಬ್ಲ್ಯೂ-50 ಮಿನರಲ್. ಡಬ್ಬಿಯ ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಝಡ್‌ಡಿಡಿಪಿ ಇದೆಯೇ ಓದಿ. ಸತು, ರಂಜಕ ಸೇರಿದ ಈ ಸಂಯುಕ್ತ ಲೋಹದ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಈ ಎಂಜಿನ್‌ನಲ್ಲಿ ಕವಾಟ ತೆರೆಯಲು ತಳ್ಳುವ ಟ್ಯಾಪೆಟ್‌ಗಳು, ಅವನ್ನು ಎತ್ತುವ ಕ್ಯಾಮ್ ಮೇಲೆ ಉರುಳುವುದಿಲ್ಲ, ಉಜ್ಜುತ್ತವೆ. ಆ ಪದರ ಇಲ್ಲದಿದ್ದರೆ ಕ್ಯಾಮ್ ಸವೆಯುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದೆಂದು ಹೊಸ ಕಾರುಗಳ ಎಣ್ಣೆಯಲ್ಲಿ ರಂಜಕ ಇಳಿಸಿದ್ದಾರೆ. ನಮಗೆ ಕನ್ವರ್ಟರೇ ಇಲ್ಲವಲ್ಲ! ಕ್ಲಾಸಿಕ್ ಕಾರುಗಳಿಗೆಂದೇ ಮಾಡಿದ ಎಣ್ಣೆ ತನ್ನಿ, ಬೇರೆ ಸಂಯೋಜಕ ಬೆರೆಸಬೇಡಿ.

ಫಿಲ್ಟರ್ ವಿಷಯದಲ್ಲಿ ಅವಸರ ಬೇಡ. ನನ್ನದು ಲೋಹದ ಬಟ್ಟಲೊಳಗೆ ಕಾಗದದ ಎಲಿಮೆಂಟ್ ಕೂರಿಸುವ ಹಳೇ ಬಗೆ. ಬಟ್ಟಲು ಕೂರುವ ಮೇಲಿನ ತೋಡಿನಲ್ಲಿ ಹಳೆಯ ರಬ್ಬರ್ ಉಂಗುರ ಕಲ್ಲಿನಂತೆ ಅಂಟಿಕೊಂಡಿರುತ್ತದೆ. ಪಿನ್ನಿನಿಂದ ಎಬ್ಬಿಸಿ ತೆಗೆಯಿರಿ. ಅದರ ಮೇಲೇ ಹೊಸದು ಹಾಕಿದರೆ ಎಣ್ಣೆ ಚಿಮ್ಮುತ್ತದೆ (ನನ್ನ ಅಂಗಿಯನ್ನು ಕೇಳಿ). ತಿರುಗಿಸಿ ಹಾಕುವ ಡಬ್ಬಿ ಫಿಲ್ಟರಿಗೆ ಬದಲಿಸಿದ್ದರೆ, ಎಣ್ಣೆ ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟವಿರುವುದನ್ನೇ ಕೊಳ್ಳಿ. ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡ ಏರುವವರೆಗೆ ಕಟಕಟ ಸದ್ದು.

ಫಿಲ್ಟರ್ ಸೇರಿ ಸುಮಾರು ನಾಲ್ಕೂಕಾಲು ಲೀಟರ್ ಹಿಡಿಯುತ್ತದೆ. ಕಾರು ಹೆಚ್ಚು ಓಡದಿದ್ದರೂ ನಾನು ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ನಿಲ್ಲಿಸುವ ಮುನ್ನ ಬದಲಿಸುತ್ತೇನೆ.